ಯಾವುದಕ್ಕೆ ಹೋಲಿಸಿ? ಎಡಿಸಿಯ ಎರಡು ಬಗೆಯ ಇನ್‌ಪುಟ್

ಮೂಡಲಗಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆ ಮಾಡುವಾಗ, ವೋಲ್ಟೇಜನ್ನು ಅಂಕಿಯಾಗಿ ಓದುವ ಪಾಠ ತೆಗೆದುಕೊಂಡಿದ್ದೆ. ಆರ್ಡುಯಿನೊ ಉನೊ ಬೋರ್ಡಿನ ಎಡಿಸಿ, ಅಂದರೆ ಅನಲಾಗ್-ಡಿಜಿಟಲ್ ಪರಿವರ್ತಕ, 0ಯಿಂದ 5 ವೋಲ್ಟನ್ನು 1024 ಹಂತಗಳಾಗಿ ಹಂಚುತ್ತದೆ. ಒಂದು ಹಂತ ಸುಮಾರು 4.9 ಮಿಲಿವೋಲ್ಟ್. ಪೊಟೆನ್ಶಿಯೋಮೀಟರ್ ತಿರುಗಿಸಿ ತೋರಿಸಿದೆ. ಹಿಂದಿನ ಬೆಂಚಿನ ಹುಡುಗ ಕೇಳಿದ: “ಸರ್, ಕಬ್ಬಿನ ಕಾಟಾದಾಗೂ ಹಿಂಗ ಅಳೀತಾರೇನ್ರಿ?” ಹೌದು ಎಂದುಬಿಟ್ಟೆ. ಆ ಉತ್ತರ ತಪ್ಪಾಗಿತ್ತು.

ಗೋಕಾಕ, ಮೂಡಲಗಿ, ಹುಕ್ಕೇರಿಯ ಎಷ್ಟೋ ಮಕ್ಕಳ ಮನೆಯ ವರ್ಷದ ದುಡಿಮೆ ಕಾಟಾದ ಮೇಲೆ ನಿಲ್ಲುತ್ತದೆ. ಮರುದಿನ ತಪ್ಪನ್ನು ಒಪ್ಪಿಕೊಂಡು ಪಾಠವನ್ನು ಮತ್ತೆ ಮಾಡಿದೆ.

ನಾನು ತೋರಿಸಿದ್ದು ಸಿಂಗಲ್-ಎಂಡೆಡ್ ಇನ್‌ಪುಟ್: ಒಂದು ತಂತಿಯನ್ನು ಗ್ರೌಂಡ್‌ಗೆ ಹೋಲಿಸಿ ಓದುವುದು. ಎಲೆಕ್ಟ್ರಾನಿಕ್ ಕಾಟಾದ ಲೋಡ್ ಸೆಲ್‌ನಲ್ಲಿರುವುದು ವೀಟ್‌ಸ್ಟನ್ ಸೇತುವೆ. 5 ವೋಲ್ಟ್ ಕೊಟ್ಟಾಗ ಅದರ ಎರಡೂ ಹೊರತಂತಿಗಳು ಸುಮಾರು 2.5 ವೋಲ್ಟಿನಲ್ಲಿರುತ್ತವೆ. ವೋಲ್ಟಿಗೆ 2 ಮಿಲಿವೋಲ್ಟ್ ಕೊಡುವ ಸೆಲ್ಲಾದರೆ, ಪೂರ್ಣ ಭಾರಕ್ಕೂ ಅವುಗಳ ವ್ಯತ್ಯಾಸ 10 ಮಿಲಿವೋಲ್ಟ್ ಮಾತ್ರ. ಒಂದೇ ತಂತಿಯನ್ನು ಓದಿದರೆ ಬದಲಾವಣೆ ಸುಮಾರು 5 ಮಿಲಿವೋಲ್ಟ್. ಉನೊಗೆ ಅದು ಒಂದೇ ಹಂತ! ಎಡಿಸಿಯ ಅಳತೆಗೋಲು ಹಾಗೇ ಇದ್ದು ಸೇತುವೆಯ ವೋಲ್ಟೇಜ್ ಶೇ 1ರಷ್ಟು ಏರಿದರೆ, ಆ ತಂತಿ 25 ಮಿಲಿವೋಲ್ಟ್ ಮೇಲೇರುತ್ತದೆ. ತೂಕ ಅದರಲ್ಲೇ ಮುಳುಗಿಹೋಗುತ್ತದೆ.

ಡಿಫರೆನ್ಷಿಯಲ್ ಇನ್‌ಪುಟ್ ಎರಡೂ ತಂತಿಗಳ ವ್ಯತ್ಯಾಸವನ್ನಷ್ಟೇ ಓದುತ್ತದೆ. ಎರಡಕ್ಕೂ ಸಮನಾಗಿ ಬಂದ ಏರಿಳಿತ ಕಳೆದುಹೋಗುತ್ತದೆ. ಲೋಡ್ ಸೆಲ್‌ಗೆಂದೇ ಇರುವ 24 ಬಿಟ್‌ನ ಎಚ್‌ಎಕ್ಸ್711 ಚಿಪ್ ಈ ವ್ಯತ್ಯಾಸವನ್ನು 128 ಪಟ್ಟು ಹಿಗ್ಗಿಸಿ ಅಳೆಯಬಲ್ಲದು.

ಇದಕ್ಕೊಂದು ಚಟುವಟಿಕೆ ಮಾಡಿಸಿದೆ. ಇಬ್ಬರನ್ನು ಒಂದೇ ಬೆಂಚಿನ ಮೇಲೆ ನಿಲ್ಲಿಸಿ, ನೆಲದಿಂದ ಅವರ ತಲೆಯ ಎತ್ತರ ಅಳೆಸಿದೆ. ಬೆಂಚಿನ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಮತ್ತೆ ಅಳೆಸಿದೆ. ಎರಡೂ ಅಳತೆ ಬದಲಾದವು. ಇಬ್ಬರ ಎತ್ತರದ ವ್ಯತ್ಯಾಸ ಬದಲಾಗಲಿಲ್ಲ.

ಎರಡು ಎಚ್ಚರಿಕೆ. ಒಂದು, ಸಿಂಗಲ್-ಎಂಡೆಡ್ ಕೀಳಲ್ಲ: ಹತ್ತಿರದ, ದೊಡ್ಡ ಸಂಕೇತಕ್ಕೆ ಅದು ಸಾಕು, ಚಾನೆಲ್ಲೂ ಉಳಿಯುತ್ತದೆ. ಎಡಿಎಸ್1115 ಚಿಪ್‌ನಲ್ಲಿ ಹಾಗೆ ನಾಲ್ಕು ಸಂಕೇತ ಓದಬಹುದು, ಡಿಫರೆನ್ಷಿಯಲ್ ಆದರೆ ಎರಡೇ. ಎರಡು, ವ್ಯತ್ಯಾಸ ಋಣವಾಗಿ ಬಂತೆಂದರೆ ತಂತಿ ಗ್ರೌಂಡ್‌ಗಿಂತ ಕೆಳಗಿಳಿಯಬಹುದು ಎಂದಲ್ಲ. ಆ ಚಿಪ್‌ನ ಎರಡೂ ಇನ್‌ಪುಟ್‌ಗಳು ಗ್ರೌಂಡ್ ಮತ್ತು ಪೂರೈಕೆ ವೋಲ್ಟೇಜಿನ ನಡುವೆಯೇ ಇರಬೇಕು.

ಈಗ ನನ್ನ ಪಾಠಯೋಜನೆಯ ಮೊದಲ ಪ್ರಶ್ನೆ “ಎಷ್ಟು ವೋಲ್ಟ್?” ಅಲ್ಲ, “ಯಾವುದಕ್ಕೆ ಹೋಲಿಸಿ?”