ನೋವಿಗೂ ಮದ್ದಿದೆ

ಬಳ್ಳಾರಿಯ ಕಂಟೋನ್ಮೆಂಟ್‌ನಲ್ಲಿ ನಮ್ಮ ಬೀದಿಯ ಕಟ್ಟೆ ಮೇಲೆ ಸಂಜೆ ಕೂರುವವರೆಲ್ಲ ಅರವತ್ತು ದಾಟಿದವರೇ. ಮಕ್ಕಳು ಬೆಂಗಳೂರು, ಹೈದರಾಬಾದ್ ಸೇರಿದ್ದಾರೆ. ಮಾತ್ರೆ ತಂದುಕೊಡೋದು, ಫೋನ್ ರೀಚಾರ್ಜ್ ಮಾಡಿಕೊಡೋದು ನಮ್ಮಂಥ ಕಾಲೇಜು ಹುಡುಗರ ಕೆಲಸ. ಇದು ನಮ್ಮ ಬೀದಿಯೊಂದರ ಕಥೆಯಲ್ಲ. 2011ರ ಜನಗಣತಿಯ ಹೊತ್ತಿಗೇ ದೇಶದಲ್ಲಿ 60 ವರ್ಷ ದಾಟಿದವರು 10 ಕೋಟಿಗೂ ಹೆಚ್ಚಿದ್ದರು.

ಎರಡು ವರ್ಷದ ಹಿಂದೆ ನಮ್ಮಜ್ಜಿಗೆ ಕ್ಯಾನ್ಸರ್ ಉಲ್ಬಣಿಸಿತ್ತು. ‘ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ’ ಅಂದರು ಆಸ್ಪತ್ರೆಯೊಂದರಲ್ಲಿ. ಅಜ್ಜಿಗೆ ಸಾವಿನ ಭಯವಿರಲಿಲ್ಲ. ‘ರಾತ್ರಿ ಒಂದೀಟು ನಿದ್ದಿ ಬಂದ್ರ ಸಾಕಪ್ಪಾ’ ಅನ್ನುತ್ತಿದ್ದಳು. ಅಪ್ಪ ಬೆಂಗಳೂರಿಗೆ ಅಲೆದು, ವೈದ್ಯರಿಂದ ಮಾರ್ಫಿನ್ ಮಾತ್ರೆ ಬರೆಸಿ ತಂದ ಮೇಲೆ ನಿದ್ದೆ ಬಂತು. ಉಳಿದ ಎರಡು ತಿಂಗಳು ನಮ್ಮನ್ನೆಲ್ಲ ಬೈಯುವಷ್ಟು ಗೆಲುವಾಗಿದ್ದಳು.

ಇದಕ್ಕೆ ಪ್ಯಾಲಿಯೇಟಿವ್ ಕೇರ್, ಅಂದರೆ ಉಪಶಾಮಕ ಆರೈಕೆ ಎಂಬ ಹೆಸರಿದೆ ಅಂತ ಆಮೇಲೆ ಓದಿ ತಿಳಿದೆ. ರೋಗ ವಾಸಿಯಾಗದಿದ್ದರೂ ನೋವು, ಉಬ್ಬಸ, ಭಯ, ಒಂಟಿತನಗಳನ್ನು ಕಡಿಮೆ ಮಾಡುವ ವೈದ್ಯಕೀಯ ಇದು. ಸಾಯುವ ಕೊನೆ ಗಳಿಗೆಗೆ ಮಾತ್ರ ಮೀಸಲು ಅನ್ನೋದು ತಪ್ಪು ತಿಳಿವಳಿಕೆ. ಅಮೆರಿಕದ ಬಾಸ್ಟನ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ಜನರ ಮೇಲೆ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಮಾಮೂಲಿ ಚಿಕಿತ್ಸೆಯ ಜೊತೆಗೆ ಮೊದಲಿನಿಂದಲೇ ಈ ಆರೈಕೆ ಪಡೆದವರು ಹೆಚ್ಚು ನೆಮ್ಮದಿಯಾಗಿದ್ದರು. ಸುಮಾರು ಎರಡೂವರೆ ತಿಂಗಳು ಹೆಚ್ಚೇ ಬದುಕಿದರು.

ಹಾಗಿದ್ದರೆ ಎಲ್ಲರಿಗೂ ಯಾಕೆ ಸಿಗುತ್ತಿಲ್ಲ? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಬೇಕಾದವರ ಪೈಕಿ ಇದು ಸಿಗೋದು ನೂರಕ್ಕೆ ಸುಮಾರು 14 ಮಂದಿಗೆ ಮಾತ್ರ. ಮಾರ್ಫಿನ್ ಅಂದರೆ ಮಾದಕವಸ್ತು ಎಂಬ ಹೆದರಿಕೆ ಒಂದು ಕಾರಣ. ಅಗತ್ಯವಿರುವ ರೋಗಿಗಳಿಗೆ ಅದು ಸುಲಭವಾಗಿ ಸಿಗಲೆಂದೇ 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿದೆ. ಬೆಂಗಳೂರಿನ ‘ಕರುಣಾಶ್ರಯ’ ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತದೆ. ಆದರೆ ಹಾಸಿಗೆ ಹಿಡಿದವರನ್ನು ಸಿರುಗುಪ್ಪ, ಕುರುಗೋಡಿನ ಹಳ್ಳಿಗಳಿಂದ ಅಷ್ಟು ದೂರ ಒಯ್ಯೋದು ಹೇಗೆ?

ದಾರಿ ತೋರಿಸಿರೋದು ಕೇರಳ. ಅಲ್ಲಿ ಅಕ್ಕಪಕ್ಕದ ಮನೆಯವರೇ ಸ್ವಯಂಸೇವಕರು. ವಾರಕ್ಕೆ ಎರಡು ಗಂಟೆ ಬಿಡುವು ಮಾಡಿಕೊಂಡು, ತರಬೇತಿ ಪಡೆದು, ನರ್ಸ್ ಜೊತೆ ರೋಗಿಗಳ ಮನೆಗೆ ಹೋಗುತ್ತಾರೆ. ನಮ್ಮೂರಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜಿದೆ, ನರ್ಸಿಂಗ್ ಓದುವವರಿದ್ದಾರೆ, ಕಾಲೇಜುಗಳಲ್ಲಿ ಎನ್‌ಎಸ್‌ಎಸ್ ಇದೆ. ಇವರನ್ನೆಲ್ಲ ಒಂದುಗೂಡಿಸುವವರು ಬೇಕು. ಗೆಳೆಯರೇ, ವಾರಕ್ಕೆ ಎರಡೇ ಗಂಟೆ. ರೀಲ್ಸ್ ನೋಡುತ್ತಾ ಒಂದೇ ರಾತ್ರಿ ಅಷ್ಟು ಹೊತ್ತು ಕಳೆಯುತ್ತೇವಲ್ಲವೇ?