ಒಂದೇ ಹೂವು, ಹಲವು ಸಾರ

ನಮ್ಮ ರಟ್ಟೀಹಳ್ಳಿಯಲ್ಲಿ ಕೆಂಪು ದಾಸವಾಳವಿಲ್ಲದ ಹಿತ್ತಲು ವಿರಳವು. ಸಂಸ್ಕೃತದಲ್ಲಿ ‘ಜಪಾ’ ಎಂದು ಕರೆಯಿಸಿಕೊಳ್ಳುವ ಈ ಹೂವಿನ ಸಾರದಲ್ಲಿ ಉತ್ಕರ್ಷಣ ನಿರೋಧಕ ಶಕ್ತಿಯು ವಿಪುಲವಾಗಿರುವದೆಂದು ಒಂದು ಹಾಳೆಯಲ್ಲಿ ಓದಿ, ಕಳೆದ ಶ್ರಾವಣದಲ್ಲಿ ನಾನು ರಕ್ತದೊತ್ತಡದ ಗುಳಿಗೆಗಳನ್ನು ಬಿಟ್ಟು ಹೂವಿನ ಕಷಾಯವನ್ನೇ ಕುಡಿಯತೊಡಗಿದೆನು. ಹದಿನೈದನೆಯ ದಿನ ತಲೆಸುತ್ತಿ ಬಚ್ಚಲ ಬಾಗಿಲಲ್ಲಿ ಕುಸಿದೆನು. ಒತ್ತಡವು ಬಹಳ ಏರಿರುವದೆಂದು ವೈದ್ಯರು ಗದರಿಸಿದರು. ಆಗ ನನ್ನ ಮನೆಯವರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಮೂಲವು: “ಅಲ್ರೀ, ಅವರು ಹೂವು ಯಾತರಾಗ ನೆನಿಸಿದ್ರು ಅಂತ ಬರದಾರೇನು?”

ಹಾಳೆಯನ್ನು ಪುನಃ ನೋಡಿದೆನು. ಅವರು ನೆನೆಯಿಸಿದ್ದು ಮೆಥನಾಲಿನಲ್ಲಿ. ನಾನು ಕುದಿಸಿದ್ದು ನೀರಿನಲ್ಲಿ!

ವಾಚಕರೇ, ದ್ರಾವಕವು ತನ್ನ ಸ್ವಭಾವಕ್ಕೆ ಒಪ್ಪುವ ದ್ರವ್ಯವನ್ನೇ ಸೆಳೆಯುವದು. ಹೆಕ್ಸೇನು ಜಿಡ್ಡು ಮೇಣಗಳನ್ನು ಸೆಳೆಯುವದು. ನೀರು ಸಕ್ಕರೆ, ಲವಣ, ಹೂವಿನ ಕೆಂಬಣ್ಣಗಳನ್ನು ಸೆಳೆಯುವದು. ನೀರು ಬೆರೆಸಿದ ಮದ್ಯಸಾರವು ಫೀನಾಲಿಕ ದ್ರವ್ಯಗಳನ್ನು ಬಹುಮಟ್ಟಿಗೆ ಹೆಚ್ಚಾಗಿ ಸೆಳೆಯುವದು. ಡಿಪಿಪಿಎಚ್ ಎಂಬ ನೇರಳೆ ದ್ರಾವಣಕ್ಕೆ ಸಾರವನ್ನು ಬೆರೆಸಿ, ಅದು ಎಷ್ಟು ಹಳದಿಗೆ ತಿರುಗಿತೆಂಬುದರಿಂದ ಶಕ್ತಿಯನ್ನು ಅಳೆಯುವರು. 1958ರಲ್ಲಿ ಬ್ಲೋಯಿಸ್ ಎಂಬವರು ಪ್ರಕಟಿಸಿದ ವಿಧಾನವಿದು. ಹೂವು ಒಂದೇ ಆದರೂ ದ್ರಾವಕವು ಬೇರೆಯಾದರೆ ಅಂಕಿಯೂ ಬೇರೆ. ದ್ರಾವಕವನ್ನು ಹೇಳದೆ ಅಂಕಿಯನ್ನು ಮಾತ್ರ ಹೇಳುವದು, ಸೇರೋ ಪಾವೋ ಎನ್ನದೆ ದರ ಹೇಳಿದಂತೆ.

ನಮ್ಮ ಪೂರ್ವಿಕರು ಈ ಭೇದವನ್ನು ಅರಿಯದವರಲ್ಲ. ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟವೆಂಬ ಐದು ಕಲ್ಪನೆಗಳಲ್ಲದೆ, ತೈಲ-ಘೃತಗಳನ್ನೂ, ಹುದುಗಿನಿಂದ ತಾನಾಗಿ ಮದ್ಯಸಾರ ಹುಟ್ಟುವ ಆಸವ-ಅರಿಷ್ಟಗಳನ್ನೂ ಆಯುರ್ವೇದವು ಬೇರೆಬೇರೆಯಾಗಿಯೇ ವಿಧಿಸಿರುವದು.

ಮನೆಯ ಮಕ್ಕಳಿಗೆ ಇದನ್ನು ತೋರಿಸುವದು ಸುಲಭ. ಒಂದು ಬಟ್ಟಲಲ್ಲಿ ಬಿಸಿನೀರು, ಇನ್ನೊಂದರಲ್ಲಿ ಶೇಂಗಾ ಎಣ್ಣೆ ಹಾಕಿ, ಎರಡರಲ್ಲಿಯೂ ದಾಸವಾಳದ ಎಸಳುಗಳನ್ನು ಬಿಡಿರಿ. ನೀರು ಬಣ್ಣವೇರುವದು, ನಿಂಬೆರಸ ಹಿಂಡಿದರೆ ಕೆಂಪಾಗುವದು. ಎಣ್ಣೆಗೆ ಆ ಕೆಂಪು ಹತ್ತದು. ಅರಿಸಿನವನ್ನು ಹಾಕಿದರೆ ಇದಕ್ಕೆ ವಿಪರೀತ: ಎಣ್ಣೆಯು ಚೆನ್ನಾಗಿ ಹಳದಿಯಾಗುವದು, ನೀರಿನಲ್ಲಿ ಪುಡಿಯು ಬಹುತೇಕ ತಳಕ್ಕಿಳಿಯುವದು.

ಆದರೆ ಎರಡು ಎಚ್ಚರಿಕೆಗಳು ಅವಶ್ಯ. ಮೆಥನಾಲು ಕಣ್ಣನ್ನೂ ಪ್ರಾಣವನ್ನೂ ಕಳೆಯುವ ವಿಷ. ಅದು ಪ್ರಯೋಗಶಾಲೆಗೇ ಸರಿ. ಎರಡನೆಯದಾಗಿ, ಗಾಜಿನ ನಳಿಗೆಯಲ್ಲಿ ಕಂಡ ಶಕ್ತಿಯು ದೇಹದಲ್ಲಿಯೂ ಹಾಗೆಯೇ ಕಾಣುವದೆಂಬ ನಿಯಮವಿಲ್ಲ; ಜಠರವೂ ಯಕೃತ್ತೂ ಆ ದ್ರವ್ಯಗಳನ್ನು ಮಾರ್ಪಡಿಸುವವು.

ಈಗ ನಾನು ಗುಳಿಗೆಯನ್ನು ತಪ್ಪದೆ ನುಂಗುತ್ತೇನೆ; ಹೂವು ದೇವರ ಮನೆಗೆ ಹೋಗುವದು. ಮುಂದೆ ಯಾವ ಸಾರದ ಹೊಗಳಿಕೆಯನ್ನು ಓದಿದರೂ, ನಮ್ಮ ಮನೆಯವರ ಪ್ರಶ್ನೆಯನ್ನು ತಾವೂ ಕೇಳಿಕೊಳ್ಳಬೇಕೆಂದು ವಿನಂತಿ.