ಗಿರಿಶಿಖರದ ಚಳಿಯೂ ವಿದ್ಯುತ್ ವಾಹನವೂ

ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯು ಸಮುದ್ರಮಟ್ಟದಿಂದ ಸುಮಾರು 1,434 ಮೀಟರ್ ಎತ್ತರದಲ್ಲಿದೆ. ಕೃಷ್ಣರಾಜೇಂದ್ರ ಗಿರಿಧಾಮವೆಂಬ ಹೆಸರೂ ಇದಕ್ಕುಂಟು. ಪುಷ್ಯಮಾಸದ ಒಂದು ಮುಂಜಾವಿನಲ್ಲಿ, ಹಿಂದಿನ ಸಂಜೆಯೇ ಬ್ಯಾಟರಿಯನ್ನು ಪೂರ್ಣವಾಗಿ ತುಂಬಿಸಿಕೊಂಡು ರಾತ್ರಿಯೆಲ್ಲ ಬಯಲಿನಲ್ಲಿ ನಿಂತಿದ್ದ ವಿದ್ಯುತ್ ಕಾರೊಂದು ಬೆಟ್ಟವನ್ನಿಳಿಯಲು ಹೊರಟಿದೆಯೆಂದು ಭಾವಿಸೋಣ. ಅದುಮುಗಾಲನ್ನು ಸಡಿಲಿಸಿದೊಡನೆ ತಾನಾಗಿಯೇ ವೇಗ ತಗ್ಗಿಸುತ್ತಿದ್ದ ಕಾರು, ಅಂದು ಮೊದಲನೆಯ ತಿರುವಿನಲ್ಲಿಯೇ ತಗ್ಗದೆ ಮುಂದಕ್ಕೆ ಜಾರಬಹುದು. ಚಾಲಕನು ಗಾಬರಿಗೊಳ್ಳುವುದು ಸಹಜವೇ. ಆದರೆ ಇದಕ್ಕೆ ಕಾರಣವನ್ನು ನಾವು ಬ್ಯಾಟರಿಯೊಳಗೆ ಹುಡುಕಬೇಕು.

ವಿದ್ಯುತ್ ಕಾರಿನ ಮೋಟಾರು ಇಳಿಜಾರಿನಲ್ಲಿ ಜನಕಯಂತ್ರವಾಗಿ ಕೆಲಸ ಮಾಡುತ್ತದೆ. ಚಕ್ರಗಳು ಅದನ್ನು ತಿರುಗಿಸುತ್ತವೆ. ಹುಟ್ಟಿದ ವಿದ್ಯುತ್ತು ಬ್ಯಾಟರಿಗೆ ಮರಳುತ್ತದೆ. ವಾಹನದ ವೇಗ ತಗ್ಗುತ್ತದೆ. 1,500 ಕಿಲೋಗ್ರಾಂ ತೂಕದ ಕಾರು ಗಿರಿಯಿಂದ ತರೀಕೆರೆಯ ಬಯಲಿಗೆ ಸುಮಾರು 700 ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಮೂರು ಯೂನಿಟ್ಟಿಗೆ ತುಸು ಕಡಿಮೆ. ಇದರಲ್ಲಿ ಒಂದಂಶ ಗಾಳಿಯ ಹಾಗೂ ರಸ್ತೆಯ ತಡೆಗೆ ವ್ಯಯವಾಗುತ್ತದೆ. ಉಳಿದುದನ್ನು ಬ್ಯಾಟರಿ ಸ್ವೀಕರಿಸಬೇಕು. ಆದುದರಿಂದ ಬೆಟ್ಟವಿಳಿಯುವುದೂ ಒಂದು ಬಗೆಯ ವಿದ್ಯುತ್ ತುಂಬಿಸುವಿಕೆಯೇ ಆಗಿದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಯದು. ತಣ್ಣಗಾದ ಬ್ಯಾಟರಿಯಾದರೋ ಬರಿದಾಗಿದ್ದರೂ ವಿದ್ಯುತ್ತನ್ನು ನಿಧಾನವಾಗಿಯೇ ಹೀರುತ್ತದೆ.

ಇದೇಕೆ? ಲಿಥಿಯಂ ಬ್ಯಾಟರಿಯನ್ನು ತುಂಬಿಸುವಾಗ ಲಿಥಿಯಂ ಅಯಾನುಗಳು ದ್ರಾವಣವೊಂದರ ಮೂಲಕ ಸಾಗಿ, ಗ್ರಾಫೈಟಿನ ಪದರಗಳ ನಡುವೆ ನೆಲೆಸುತ್ತವೆ. ಮಲೆನಾಡಿನ ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದನ್ನು ವಾಚಕರೆಲ್ಲರೂ ಬಲ್ಲರು. ಬ್ಯಾಟರಿಯ ದ್ರಾವಣವು ಹಾಗೆ ಹೆಪ್ಪುಗಟ್ಟದಿದ್ದರೂ ಚಳಿಯಲ್ಲಿ ಮಂದವಾಗುತ್ತದೆ. ಪದರಗಳೊಳಗಿನ ಚಲನೆಯೂ ನಿಧಾನವಾಗುತ್ತದೆ. ಜಾತ್ರೆಯ ದಿನ ಛತ್ರದ ಬಾಗಿಲು ಕಿರಿದಾದರೆ ಯಾತ್ರಿಕರು ಜಗಲಿಯಲ್ಲಿಯೇ ಬೀಡುಬಿಡುವಂತೆ, ಒಳಹೋಗಲಾರದ ಲಿಥಿಯಂ ಗ್ರಾಫೈಟಿನ ಹೊರಮೈಮೇಲೆ ಲೋಹವಾಗಿ ಲೇಪಗೊಳ್ಳುತ್ತದೆ. ಹೀಗೆ ಕುಳಿತ ಲಿಥಿಯಂನಲ್ಲಿ ಕೆಲವಂಶ ಮತ್ತೆ ಕೆಲಸಕ್ಕೆ ಬಾರದೆ ಬ್ಯಾಟರಿಯ ಸಾಮರ್ಥ್ಯ ಕುಗ್ಗುತ್ತದೆ. ಲೋಹವು ಸೂಜಿಗಳಂತೆ ಬೆಳೆದು ಎದುರಿನ ಧ್ರುವವನ್ನು ಮುಟ್ಟಿತಾದರೆ ಬೆಂಕಿಯ ಅಪಾಯವೂ ಉಂಟು. ಈ ಕಾರಣದಿಂದಲೇ ಸಾಮಾನ್ಯ ಲಿಥಿಯಂ ಕೋಶಗಳನ್ನು ಶೂನ್ಯ ಡಿಗ್ರಿಗಿಂತ ಕೆಳಗೆ ತುಂಬಿಸಬಾರದೆಂಬ ನಿಯಮವಿದೆ. ಅದೇ ಚಳಿಯಲ್ಲಿ ಅವುಗಳಿಂದ ವಿದ್ಯುತ್ತನ್ನು ಪಡೆಯಲು ಅಷ್ಟು ನಿರ್ಬಂಧವಿಲ್ಲ.

ಹಳೆಯ ಸೀಸದ ಬ್ಯಾಟರಿಗೂ ಚಳಿಯ ಕಾಟ ತಪ್ಪಿದ್ದಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದ ‘ರೇವಾ’ ಕಾರು ಸೀಸದ ಬ್ಯಾಟರಿಯಿಂದಲೇ ಓಡುತ್ತಿತ್ತು. ಮುಂದೆ ಅದು ‘ಜಿ-ವಿಜ್’ ಎಂಬ ಹೆಸರಿನಿಂದ ಲಂಡನ್ನಿನ ಬೀದಿಗಳನ್ನೂ ಸೇರಿತು. ಸೀಸದ ಬ್ಯಾಟರಿ ಪೂರ್ಣವಾಗಿ ತುಂಬಿದ್ದರೆ ಅದರ ಆಮ್ಲವು ಸೊನ್ನೆಗಿಂತ 50 ಡಿಗ್ರಿ ಕೆಳಗೂ ಹೆಪ್ಪುಗಟ್ಟದು; ಬರಿದಾದಾಗಲಾದರೋ ಆಮ್ಲ ನೀರಾಗಿ, ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗೇ ಹೆಪ್ಪುಗಟ್ಟಬಲ್ಲುದು.

ಹಾಗಾದರೆ ಶೀತದೇಶಗಳ ಗತಿಯೇನು? ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ವಿದ್ಯುತ್ತಿನವು. ಅಲ್ಲಿನ ಉಪಾಯ ಸರಳವಾದುದು: ಮೊದಲು ಬ್ಯಾಟರಿಯನ್ನು ಬೆಚ್ಚಗೆ ಮಾಡಿ, ಅನಂತರ ವೇಗವಾಗಿ ತುಂಬಿಸುವುದು. ಇದಕ್ಕೂ, ಕಾರಿನ ಒಳಭಾಗವನ್ನು ಬಿಸಿಮಾಡುವುದಕ್ಕೂ ಬ್ಯಾಟರಿಯ ವಿದ್ಯುತ್ತೇ ವ್ಯಯವಾಗುವುದರಿಂದ ಚಳಿಗಾಲದಲ್ಲಿ ಕ್ರಮಿಸಬಹುದಾದ ದೂರ ಕಡಿಮೆಯಾಗುತ್ತದೆ.

ನಮ್ಮ ಗಿರಿಧಾಮದ ಚಳಿ ನಾರ್ವೆಯ ಹಿಮಕ್ಕೆ ಸಾಟಿಯಲ್ಲ. ಆದರೂ ಅದೇ ತತ್ತ್ವ ಇಲ್ಲಿಯೂ ಉಪಯುಕ್ತವಾಗಿದೆ. ಬೆಟ್ಟದ ಮೇಲೆ ತಂಗುವವರು ಬ್ಯಾಟರಿಯನ್ನು ನೂರಕ್ಕೆ ನೂರು ತುಂಬಿಸದೆ, ಎಂಬತ್ತರಷ್ಟಕ್ಕೆ ನಿಲ್ಲಿಸುವುದು ಲೇಸು. ಉಳಿದುದನ್ನು ಇಳಿಜಾರೇ ಒದಗಿಸಲಿ. ಹೊರಡುವ ಹೊತ್ತಿಗೆ ಮುಗಿಯುವಂತೆ ತುಂಬಿಸಿದರೆ, ಆ ಕ್ರಿಯೆಯಲ್ಲಿಯೇ ಹುಟ್ಟಿದ ಶಾಖದಿಂದ ಬ್ಯಾಟರಿ ತುಸು ಬೆಚ್ಚಗಿರುತ್ತದೆ. ಮೊದಲ ತಿರುವುಗಳನ್ನು ನಿಧಾನವಾಗಿ, ಕಾಲ ಬ್ರೇಕನ್ನು ನಂಬಿ ಇಳಿಯಬೇಕು. ಒಂದು ಕಾಲದಲ್ಲಿ ಭದ್ರಾವತಿಯ ಕುಲುಮೆಗಳಿಗೆ ಈ ಗಿರಿಯಿಂದ ಕಬ್ಬಿಣದ ಅದುರು ಇಳಿಯುತ್ತಿತ್ತು. ಇಳಿಯುವ ಭಾರವು ಶಕ್ತಿಯ ಭಂಡಾರವೆಂಬುದು ಅಂದಿಗೂ ಇಂದಿಗೂ ಒಂದೇ. ಅದನ್ನು ಸ್ವೀಕರಿಸಲು ಬ್ಯಾಟರಿಯಲ್ಲಿ ಸ್ಥಳವನ್ನೂ ಬಿಸುಪನ್ನೂ ಉಳಿಸಿಕೊಂಡವನಿಗೆ ಮಾತ್ರ ಅದು ದಕ್ಕುತ್ತದೆ.